ಗಣಕದ ಪ್ರಥಮ ಪಾಠಗಳು ಮತ್ತು ವ್ಯಾಪಾರದ ಲೆಕ್ಕಪತ್ರ

ಲೆಕ್ಕ ಬರೆಯುವ ಕೆಲಸಕ್ಕೆ ವಾಣಿಜ್ಯ ಪದವೀಧರರು ಅರ್ಜಿ ಹಿಡಿದು ಬಂದಾಗ ವ್ಯಾಪಾರಸ್ಥರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: “ಟ್ಯಾಲಿ ಬರುತ್ತದೆಯೇ?” ಬರುತ್ತದೆಂದರೆ ಸಂದರ್ಶನ ಮುಗಿದಂತೆ. ಆದರೆ ತಂತ್ರಾಂಶವನ್ನು ನಡೆಸಬಲ್ಲವರೆಲ್ಲರೂ ಅದರೊಳಗಿನ ಲೆಕ್ಕವನ್ನು ಕಾಪಾಡಬಲ್ಲರೆಂದು ಹೇಳಲಾಗದು. ಕಾಪಾಡುವ ವಿದ್ಯೆ ಇರುವುದು ಕಾಲೇಜಿನ ಪ್ರಾರಂಭಿಕ ಗಣಕ ಪಠ್ಯದಲ್ಲಿ. ದತ್ತಾಂಶ, ಸ್ಪ್ರೆಡ್‌ಶೀಟ್, ದತ್ತಸಂಚಯ, ಸುರಕ್ಷತೆ ಎಂಬ ಅಧ್ಯಾಯಗಳನ್ನು ವಿದ್ಯಾರ್ಥಿಗಳು ಪರೀಕ್ಷೆಗಾಗಿ ಓದಿ ಮರೆಯುತ್ತಾರೆ. ಮಾಲೀಕರು ಅವುಗಳ ಬಗ್ಗೆ ವಿಚಾರಿಸುವುದೇ ಇಲ್ಲ. ಇವುಗಳ ಪೈಕಿ ನಾಲ್ಕು ಪಾಠಗಳು ವ್ಯಾಪಾರಕ್ಕೆ ನೇರವಾಗಿ ಸಂಬಂಧಿಸಿವೆ.

ಒಂದು: ಅಂಕಿಗಳೆಲ್ಲವೂ ಸಂಖ್ಯೆಗಳಲ್ಲ

ಗಣಕವು ದತ್ತಾಂಶವನ್ನು ಸಂಖ್ಯೆ, ಪಠ್ಯ, ದಿನಾಂಕ ಎಂದು ವಿಂಗಡಿಸಿ ಇಟ್ಟುಕೊಳ್ಳುತ್ತದೆ. ಕೂಡಿ ಕಳೆಯುವಂಥದ್ದು ಸಂಖ್ಯೆ. ಗುರುತಿಗಾಗಿ ಇರುವಂಥದ್ದು ಪಠ್ಯ. ಕಾಫಿಯ ಎಚ್‌ಎಸ್‌ಎನ್ ಸಂಕೇತ 0901, ಕಾಳುಮೆಣಸಿನದು 0904, ಅಡಿಕೆಯದು 0802ರಿಂದ ಪ್ರಾರಂಭವಾಗುತ್ತದೆ. ಸ್ಪ್ರೆಡ್‌ಶೀಟಿನಲ್ಲಿ 0901 ಎಂದು ಹಾಗೆಯೇ ಬರೆದರೆ ಅದು ಸಂಖ್ಯೆಯೆಂದು ಭಾವಿಸಲ್ಪಟ್ಟು ಮುಂದಿನ ಸೊನ್ನೆ ಕಳಚಿ 901 ಆಗುತ್ತದೆ. ಎಕ್ಸೆಲ್‌ನಲ್ಲಿ 15 ಅಂಕಿಗಳಿಗಿಂತ ಉದ್ದದ ಸಂಖ್ಯೆಯನ್ನು ಬರೆದಾಗ 16ನೆಯ ಅಂಕಿಯಿಂದ ಮುಂದಿನವು ಸೊನ್ನೆಗಳಾಗುತ್ತವೆ. ಬ್ಯಾಂಕ್ ಖಾತೆಯ ಸಂಖ್ಯೆಯಲ್ಲಿ ಹೀಗಾದರೆ ಪರಿಣಾಮವೇನೆಂಬುದನ್ನು ವಿವರಿಸಬೇಕಾಗಿಲ್ಲ. ಇಂತಹ ಕಾಲಂಗಳನ್ನು ಬರೆಯುವ ಮೊದಲೇ ಪಠ್ಯವೆಂದು ನಿಗದಿಪಡಿಸುವುದೇ ಇದಕ್ಕೆ ಪರಿಹಾರ.

ಎರಡು: ಪ್ರತಿಯೊಂದು ಸಾಧನಕ್ಕೂ ಮಿತಿಯುಂಟು

ಎಕ್ಸೆಲ್‌ನ ಹಳೆಯ ಕಡತ ಮಾದರಿಯಲ್ಲಿ 65,536 ಸಾಲುಗಳಿಗೆ ಮಾತ್ರ ಸ್ಥಳವಿತ್ತು. 2007ರ ಆವೃತ್ತಿಯಿಂದ ಅದು 10,48,576ಕ್ಕೆ ಏರಿತು. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯು ಕೋವಿಡ್ ಪರೀಕ್ಷಾ ಫಲಿತಾಂಶಗಳನ್ನು ಹಳೆಯ ಮಾದರಿಯ ಕಡತದಲ್ಲಿ ಕ್ರೋಡೀಕರಿಸಿದಾಗ, ಮಿತಿ ಮೀರಿದ ಸಾಲುಗಳು ಬಿಟ್ಟುಹೋದವು. 15,841 ಸೋಂಕಿತರ ವಿವರಗಳು ಸಕಾಲದಲ್ಲಿ ಮುಂದೆ ಸಾಗಲಿಲ್ಲ. ಕಡತವು ತೆರೆಯಿತೆಂದ ಮಾತ್ರಕ್ಕೆ ಎಲ್ಲ ವಿವರವೂ ಬಂದಿದೆಯೆಂದು ನಂಬಲಾಗದು. ಕಳುಹಿಸಿದ ಸಾಲುಗಳೆಷ್ಟು, ಬಂದ ಸಾಲುಗಳೆಷ್ಟು, ಎರಡೂ ಕಡೆಯ ಮೊತ್ತವೆಷ್ಟು ಎಂದು ತಾಳೆ ನೋಡುವುದು ಹಳೆಯ ರೋಕಡಿ ಪುಸ್ತಕದ ಶಿಸ್ತೇ ಆಗಿದೆ.

ಮೂರು: ಹೆಸರಲ್ಲ, ಗುರುತು ಮುಖ್ಯ

ದತ್ತಸಂಚಯದಲ್ಲಿ ಪ್ರತಿಯೊಂದು ದಾಖಲೆಗೂ ಬೇರೆಲ್ಲಿಯೂ ಪುನರಾವರ್ತನೆಯಾಗದ ಒಂದು ಗುರುತು ಇರಬೇಕೆಂಬುದು ಮೂಲ ನಿಯಮ. ಒಬ್ಬನೇ ಗಿರಾಕಿಯ ಹೆಸರನ್ನು ಮೂವರು ಗುಮಾಸ್ತರು ಮೂರು ರೀತಿ ಬರೆದರೆ ಮೂರು ಖಾತೆಗಳು ಹುಟ್ಟುತ್ತವೆ. ಬಾಕಿ ಎಷ್ಟೆಂಬುದು ಯಾರಿಗೂ ತಿಳಿಯದು. ನೋಂದಾಯಿತ ಗಿರಾಕಿಗೆ 15 ಅಕ್ಷರಾಂಕಗಳ ಜಿಎಸ್‌ಟಿ ಸಂಖ್ಯೆಯೇ ಗುರುತು. ಅದರ ಮೊದಲ ಎರಡು ಅಂಕಿಗಳು ರಾಜ್ಯವನ್ನು (ಕರ್ನಾಟಕಕ್ಕೆ 29), ಮುಂದಿನ ಹತ್ತು ಪ್ಯಾನ್ ಅನ್ನು ಸೂಚಿಸುತ್ತವೆ. ಕೊನೆಯದು ತಪಾಸಣೆಗಾಗಿ ಇದೆ. ಬೆರಳು ತಪ್ಪಿ ಒಂದು ಅಕ್ಷರ ಬದಲಾದರೆ ಈ ತಪಾಸಣಾ ಅಂಕವು ಅದನ್ನು ತೋರಿಸಿಕೊಡುತ್ತದೆ. ಆದರೆ ಒಬ್ಬರ ಬದಲಿಗೆ ಇನ್ನೊಬ್ಬರ ಸರಿಯಾದ ಸಂಖ್ಯೆಯನ್ನೇ ಆರಿಸಿಕೊಂಡರೆ ಗಣಕವು ತಡೆಯಲಾರದು. ಆಗ ಬಿಲ್ಲು ಬೇರೆಯವರ ಲೆಕ್ಕಕ್ಕೆ ಹೋಗಿ, ನಿಜವಾದ ಗಿರಾಕಿಯ ಜಿಎಸ್‌ಟಿಆರ್–2ಬಿಯಲ್ಲಿ ಕಾಣಿಸದೆ ಅವನ ಹೂಡುವಳಿ ತೆರಿಗೆ ಜಮೆ ನಿಲ್ಲುತ್ತದೆ. ತಿದ್ದುಪಡಿಗೆ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಣೆ ಸಲ್ಲಿಸಿದ ದಿನ, ಇವುಗಳಲ್ಲಿ ಮೊದಲು ಬರುವುದೇ ಗಡುವು. ಅದು ದಾಟಿದರೆ ಹಣದೊಂದಿಗೆ ಗಿರಾಕಿಯೂ ಕೈತಪ್ಪಬಹುದು.

ನಾಲ್ಕು: ಯಾರು ತಿದ್ದಿದರು, ಪ್ರತಿ ಎಲ್ಲಿದೆ

ಅಂಗಡಿಯಲ್ಲಿರುವ ಎಲ್ಲರೂ ಒಂದೇ ಗುಪ್ತಪದ ಬಳಸಿದರೆ ತಪ್ಪು ಯಾರದೆಂದು ಪತ್ತೆಯಾಗದು. 2023ರ ಏಪ್ರಿಲ್ 1ರಿಂದ ಕಂಪನಿಗಳು ಪ್ರತಿಯೊಂದು ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸುವ ಲೆಕ್ಕಪತ್ರ ತಂತ್ರಾಂಶವನ್ನೇ ಬಳಸತಕ್ಕದ್ದೆಂದು ನಿಯಮವಿದೆ. ಆ ದಾಖಲೆಯ ವ್ಯವಸ್ಥೆಯನ್ನು ನಿಲ್ಲಿಸಿಡುವಂತಿಲ್ಲ. ಪಾಲುದಾರಿಕೆ ಮತ್ತು ಸ್ವಂತ ಮಾಲೀಕತ್ವದ ಸಂಸ್ಥೆಗಳಿಗೆ ಈ ಕಡ್ಡಾಯವಿಲ್ಲದಿದ್ದರೂ ಪದ್ಧತಿ ಹಿತಕರವಾದುದು. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣೆಯ ಗಡುವಿನಿಂದ 72 ತಿಂಗಳು ಉಳಿಸಿಡಬೇಕು. ಒಂದೇ ಗಣಕಯಂತ್ರದ ಒಂದೇ ಡಿಸ್ಕನ್ನು ನಂಬಿ ಅಷ್ಟು ಕಾಲ ಕಳೆಯುವುದು ವಿವೇಕವಲ್ಲ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಕಟ್ಟಡದಲ್ಲಿ — ಇದು ಪಠ್ಯವು ಹೇಳುವ ಸೂತ್ರ. ತಿಂಗಳಿಗೊಮ್ಮೆ ಆ ಪ್ರತಿಯನ್ನು ತೆರೆದು ಓದಿ ನೋಡದಿದ್ದರೆ ಅದು ಇದ್ದೂ ಇಲ್ಲದಂತೆ.

ಆದುದರಿಂದ ಮುಂದಿನ ಸಂದರ್ಶನದಲ್ಲಿ ಮಾಲೀಕರು ಟ್ಯಾಲಿಯ ಪ್ರಶ್ನೆಯೊಂದಿಗೆ ಇನ್ನು ನಾಲ್ಕನ್ನು ಸೇರಿಸುವುದು ಉಚಿತ: 0901 ಎಂದು ಹೇಗೆ ಬರೆಯುವಿರಿ? ಕಡತ ಪೂರ್ತಿ ಬಂದಿದೆಯೆಂದು ಹೇಗೆ ಖಚಿತಪಡಿಸಿಕೊಳ್ಳುವಿರಿ? ಒಂದೇ ಹೆಸರಿನ ಇಬ್ಬರು ಗಿರಾಕಿಗಳನ್ನು ಹೇಗೆ ಬೇರ್ಪಡಿಸುವಿರಿ? ಇಂದು ಡಿಸ್ಕ್ ಕೆಟ್ಟರೆ ನಾಳೆ ಬಿಲ್ಲು ಹೇಗೆ ಹಾಕುವಿರಿ? ಉತ್ತರಿಸಬಲ್ಲ ಅಭ್ಯರ್ಥಿಯು ಯಾವ ತಂತ್ರಾಂಶವನ್ನಾದರೂ ಕೆಲವೇ ವಾರಗಳಲ್ಲಿ ಕಲಿಯಬಲ್ಲನು. ಆದರೆ ಉತ್ತರ ಸರಿಯೋ ತಪ್ಪೋ ಎಂದು ತಿಳಿಯಲು ಮಾಲೀಕರಿಗೂ ಈ ಪಾಠಗಳ ಪರಿಚಯವಿರಬೇಕು. ಗುಮಾಸ್ತನು ಇಂದು ಇದ್ದು ನಾಳೆ ಬೇರೆಡೆಗೆ ಹೋಗಬಹುದು. ಲೆಕ್ಕದ ಹೊಣೆ ಮಾತ್ರ ಮಾಲೀಕನದೇ.