ಶನಿವಾರದ ಚೀಲ

ಪ್ರಶ್ನೆ: ಅಕ್ಕಾ, ನಮ್ಮದು ಹುಲಿಯೂರುದುರ್ಗ. ನಮ್ಮ ಮನೆಯವರು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ವಾರವೆಲ್ಲ ಅಲ್ಲೇ ರೂಮಿನಲ್ಲಿದ್ದು ಶನಿವಾರ ರಾತ್ರಿ ಊರಿಗೆ ಬರುತ್ತಾರೆ. ಸಂಬಳ 34 ಸಾವಿರ. ಮಗಳಿಗೆ ಏಳು ವರ್ಷ, ಮಗನಿಗೆ ಮೂರು. ಅತ್ತೆ ಜೊತೆಗಿದ್ದಾರೆ. ಎರಡೆಕರೆ ಹೊಲ, ನಾಲ್ಕು ತೆಂಗಿನ ಮರ, ಒಂದು ಹಸು ಇದೆ. ಒಂದು ವರ್ಷದಿಂದ ಇವರು ಬರುವಾಗ ಬೆಂಗಳೂರಿನ ದೊಡ್ಡ ಸೂಪರ್ ಮಾರ್ಕೆಟ್ಟಿನಿಂದ ಎರಡು ಚೀಲ ಸಾಮಾನು ತರುತ್ತಾರೆ. ಹೋದ ವಾರದ ಬಿಲ್ಲು ಜೊತೆಗಿಟ್ಟಿದ್ದೇನೆ, 1,764 ರೂಪಾಯಿ. ಪ್ರತಿ ವಾರವೂ ಹೆಚ್ಚು ಕಡಿಮೆ ಇಷ್ಟೇ. ಇಲ್ಲಿನ ಅಂಗಡಿ ಲೆಕ್ಕ ಬೇರೆ. ಮಗಳ ಸುಕನ್ಯಾ ಸಮೃದ್ಧಿ ಖಾತೆಗೆ ತಿಂಗಳಿಗೆ ಸಾವಿರ ಕಟ್ಟುತ್ತಿದ್ದೆವು. ಐದು ತಿಂಗಳಿಂದ ನಿಂತಿದೆ. ಹೇಳಿದರೆ "ಮಕ್ಕಳ ಹೊಟ್ಟೆ ವಿಷಯದಲ್ಲಿ ಲೆಕ್ಕ ನೋಡಬೇಡ" ಅಂತಾರೆ. ಊರಿನಲ್ಲಿ ಸಿಗೋದೆಲ್ಲ ಕಲಬೆರಕೆ ಅಂತ ನಾದಿನಿಯೂ ಹೆದರಿಸುತ್ತಾರೆ. ಅತ್ತೆಯಂತೂ ಶನಿವಾರ ರಾತ್ರಿ ಇವರ ಜೊತೆ ಊಟಕ್ಕೇ ಕೂರುವುದಿಲ್ಲ. ಅಷ್ಟು ದುಡ್ಡು ಕೊಡುವುದಕ್ಕೆ ಅದು ಬೆಲೆ ಬಾಳುತ್ತದಾ? ಬೇಡ ಅಂದರೆ ಮಕ್ಕಳಿಗೆ ಅನ್ಯಾಯ ಮಾಡಿದ ಹಾಗಾಗುತ್ತಾ?
ಹೆಸರು ಬೇಡ, ಹುಲಿಯೂರುದುರ್ಗ

ಉತ್ತರ: ತಂಗಿ, ಬಿಲ್ಲನ್ನು ಜೊತೆಗಿಟ್ಟು ಒಳ್ಳೆಯ ಕೆಲಸ ಮಾಡಿದಿರಿ. ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಓದಿದೆ. ಒಂದು ಸಾಲಿಗೆ ಬಂದಾಗ ಕೈ ನಿಂತುಬಿಟ್ಟಿತು: ಎ2 ತುಪ್ಪ, 200 ಎಂಎಲ್, 345 ರೂಪಾಯಿ. ಹಸು ಕಟ್ಟಿರುವ ಮನೆಗೆ ತುಪ್ಪ ಬೆಂಗಳೂರಿನಿಂದ ಬಸ್ಸು ಹತ್ತಿ ಬಂದಿದೆ. ನಿಮ್ಮ ಅತ್ತೆ ಊಟಕ್ಕೆ ಯಾಕೆ ಕೂರುವುದಿಲ್ಲ ಎಂಬುದಕ್ಕೆ ನನಗೆ ಆ ಒಂದು ಸಾಲು ಸಾಕಾಯಿತು.

ಮೊದಲು ಆ ತುಪ್ಪದ ವಿಷಯವನ್ನೇ ಮುಗಿಸೋಣ. ಎ1, ಎ2 ಎನ್ನುವುದು ಹಾಲಿನಲ್ಲಿರುವ ಬೀಟಾ ಕೇಸಿನ್ ಎಂಬ ಪ್ರೋಟೀನಿನ ಬಗೆ. ತುಪ್ಪವೆಂದರೆ ಹೆಚ್ಚೂ ಕಡಿಮೆ ಪೂರ್ತಿ ಕೊಬ್ಬು. ಬೆಣ್ಣೆ ಕಾಯಿಸುವಾಗ ಪ್ರೋಟೀನು ತಳದ ಗಸಿಯಾಗಿ ಉಳಿದು, ಸೋಸಿದಾಗ ಆಚೆ ಹೋಗುತ್ತದೆ. ಇಲ್ಲದ ಪ್ರೋಟೀನಿನ ಹೆಸರಿಗೆ ಹೆಚ್ಚು ಬೆಲೆ ಕೊಡುವುದರಲ್ಲಿ ಏನರ್ಥ? ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2024ರ ಆಗಸ್ಟಿನಲ್ಲಿ ಈ ಹೆಸರನ್ನು ಪೊಟ್ಟಣಗಳಿಂದ ತೆಗೆಯಲು ಹೇಳಿತ್ತು. ಕೆಲವೇ ದಿನಗಳಲ್ಲಿ, ಇನ್ನೂ ಚರ್ಚೆ ಆಗಬೇಕೆಂದು ಆ ಆದೇಶವನ್ನು ಹಿಂದೆಗೆದುಕೊಂಡಿತು. ಹಾಗಾಗಿ ಡಬ್ಬಿಯ ಮೇಲೆ ಹೆಸರು ಉಳಿದಿದೆ. ನಿಮ್ಮ ಅಡುಗೆಮನೆಯಲ್ಲಿ ಅದು ಉಳಿಯಬೇಕಾಗಿಲ್ಲ.

ರಾಗಿ ಹಿಟ್ಟು, ಅರ್ಧ ಕೆಜಿ, 78 ರೂಪಾಯಿ. ಕೆಜಿಗೆ 156 ಆಯಿತು. 2025–26ರ ಹಂಗಾಮಿಗೆ ಸರ್ಕಾರ ರಾಗಿಗೆ ಗೊತ್ತು ಮಾಡಿರುವ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಕೆಜಿಗೆ 49 ರೂಪಾಯಿಯೂ ಇಲ್ಲ. ಅದು ಬೆಳೆದವನ ಕೈಗೆ ಸಿಗುವ ಹಣ. ಮಿಕ್ಕದ್ದು ಶುಚಿ ಮಾಡಿದ್ದಕ್ಕೆ, ಬೀಸಿದ್ದಕ್ಕೆ, ಪೊಟ್ಟಣಕ್ಕೆ, ಸಾಗಣೆಗೆ, ಅಂಗಡಿಯ ಬಾಡಿಗೆಗೆ, ದೀಪಕ್ಕೆ, ತಂಪಿಗೆ. ತೆರಿಗೆಯೂ ಸೇರಿತು: 2022ರ ಜುಲೈ 18ರಿಂದ ಹೆಸರು ಅಚ್ಚು ಹಾಕಿ ಪೊಟ್ಟಣ ಕಟ್ಟಿದ ಧಾನ್ಯಕ್ಕೂ ಹಿಟ್ಟಿಗೂ ಶೇ 5ರ ಜಿಎಸ್‌ಟಿ ಬಂತು, ಬಿಡಿಯಾಗಿ ಅಳೆದು ಕೊಡುವುದಕ್ಕೆ ಅದಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕಲ್ಲು ಆರಿಸಲು ಜಾಗವೂ ಒಣಗಿಸಲು ಬಿಸಿಲೂ ಇಲ್ಲದವರು ಈ ಹಣ ಕೊಡಲಿ, ಅವರಿಗೆ ಅದು ಸರಿ. ನಿಮಗೆ ಜಗಲಿ ಇದೆ, ಮೊರ ಇದೆ, ಊರಿನಲ್ಲೇ ಹಿಟ್ಟಿನ ಗಿರಣಿ ಇದೆ.

ರಾಗಿಯ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ನಿಮ್ಮೂರಿನಿಂದ ಮದ್ದೂರು ದಾಟಿದರೆ ಮಂಡ್ಯದ ವಿ.ಸಿ. ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರ. ಅಲ್ಲಿ 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ನಮ್ಮ ಹೊಲಗಳ ಇಳುವರಿ ಏರಿದ್ದು ಅಂಥವರಿಂದ. ಸತ್ವದ ಲೆಕ್ಕಕ್ಕೆ ಬಂದರೆ, 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇರುತ್ತದೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ 120ರ ಆಸುಪಾಸು. ಈ ಅಂಕಿ ನಿಮ್ಮ ಹೊಲದ ರಾಗಿಗೂ ಪೊಟ್ಟಣದ ರಾಗಿಗೂ ಒಂದೇ. ನನ್ನ ಮೊದಲ ಮಗುವಿಗೆ ಆರು ತಿಂಗಳಾಗಿದ್ದಾಗ ನಾನು ಪೇಟೆಯ ಡಬ್ಬಿ ಆಹಾರವೇ ಮೇಲು ಎಂದು ನಂಬಿದ್ದೆ. ನನ್ನಮ್ಮ ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ವಸ್ತ್ರಗಾಳಿತ ಮಾಡಿ ಸ್ಟೀಲ್ ಡಬ್ಬಿಯಲ್ಲಿ ತಂದುಕೊಟ್ಟ ರಾಗಿ ಸರಿಯನ್ನು ಅಟ್ಟದ ಮೇಲೆ ಇಟ್ಟೆ. ಅದು ಹುಳ ಬಿದ್ದ ದಿನ ಅಮ್ಮ ಒಂದು ಮಾತೂ ಆಡದೆ ಡಬ್ಬಿ ತೊಳೆದಿಟ್ಟರು. ಆ ಮೌನ ನನಗೆ ಇನ್ನೂ ಮರೆತಿಲ್ಲ.

ಬಿಲ್ಲಿಗೆ ಬರುತ್ತೇನೆ. ಹಲಸಿನ ತೊಳೆ, 200 ಗ್ರಾಂ, ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ, 110 ರೂಪಾಯಿ. ನಿಮ್ಮದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರುವಾಸಿ. ಕೆಂಪು ತೊಳೆಯ 'ಸಿದ್ದು' ಹಲಸು ಅಲ್ಲಿನ ಒಬ್ಬ ರೈತರ ತೋಟದ ಮರದ್ದು. ತುಮಕೂರು ಬಳಿಯ ಹಿರೇಹಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರ ಅದನ್ನು ಗುರುತಿಸಿ ಕಸಿ ಗಿಡ ಬೆಳೆಸಿತು. ಹುಣಸೆಹಣ್ಣು 42. ಅದಕ್ಕೆ ತುಮಕೂರಿನ ಎಪಿಎಂಸಿಯೇ ದೊಡ್ಡ ಮಾರುಕಟ್ಟೆ. ತೆಂಗಿನಕಾಯಿ ಒಂದು, 58. ಕಲ್ಪತರು ನಾಡಿಗೆ ಕಾಯಿ! ಬೆಲ್ಲದ ಪುಡಿ 95, ಕರಿಬೇವು ಕೊತ್ತಂಬರಿ 39, ಡಬ್ಬದ ಹಾಲು ಒಂದು ಲೀಟರು 78. ನಿಮ್ಮ ಹಸುವಿನ ಹಾಲು ಬೆಳಿಗ್ಗೆ ಡೈರಿಗೆ ಹೋಗುತ್ತಿರಬೇಕು, ಶನಿವಾರ ರಾತ್ರಿ ಬೇರೆ ಯಾವುದೋ ಹಸುವಿನ ಹಾಲು ನಿಮ್ಮ ಮನೆಗೆ ಬರುತ್ತದೆ. ತುಪ್ಪವೂ ರಾಗಿಯೂ ಸೇರಿ ಈ ಎಂಟು ಪದಾರ್ಥಕ್ಕೆ 845 ರೂಪಾಯಿ. ಬಿಲ್ಲಿನ ಹತ್ತಿರ ಹತ್ತಿರ ಅರ್ಧ. ಇಷ್ಟಕ್ಕೆ ಕೊಟ್ಟ ಹೆಚ್ಚಿನ ಬೆಲೆ ನಿಮ್ಮ ಮಕ್ಕಳ ಹೊಟ್ಟೆಗೆ ಏನನ್ನೂ ಸೇರಿಸಿಲ್ಲ. ಇದನ್ನು ನಾನು ಅಳುಕಿಲ್ಲದೆ ಹೇಳುತ್ತೇನೆ.

ಇನ್ನು ಕಲಬೆರಕೆಯ ಭಯ. ನಾದಿನಿಯ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಭಯಪಡಬೇಕಾದ ಜಾಗಗಳಿವೆ, ಆದರೆ ಅವು ಯಾವುವೆಂದು ಗೊತ್ತಿದ್ದರೆ ಊರಿನಲ್ಲೇ ತಪ್ಪಿಸಿಕೊಳ್ಳಬಹುದು. ಬಿಡಿ ಖಾರದ ಪುಡಿ, ಬಿಡಿ ಅರಿಸಿನ ಪುಡಿ ಕೊಳ್ಳಬೇಡಿ. ಪುಡಿ ಮಾಡಿದ ಮಸಾಲೆಯನ್ನು ಪೊಟ್ಟಣ ಕಟ್ಟದೆ ಮಾರುವಂತಿಲ್ಲ ಎಂದು 2011ರ ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಮೆಣಸಿನಕಾಯಿ, ಅರಿಸಿನ ಕೊಂಬು ಇಡಿಯಾಗಿ ತಂದು ಒಣಗಿಸಿ ಮಿಲ್ಲಿಗೆ ಹಾಕಿಸಿ. ಪೀಪಾಯಿಯಿಂದ ಅಳೆದು ಕೊಡುವ ಎಣ್ಣೆ ಬೇಡವೇ ಬೇಡ. ಮೊಹರು ಮಾಡಿದ ಪೊಟ್ಟಣದ ಎಣ್ಣೆಯಾದರೆ ನಿಮ್ಮೂರಿನ ಅಂಗಡಿಯದೂ ಬೆಂಗಳೂರಿನದೂ ಒಂದೇ ಕಂಪನಿಯದು, ಒಂದೇ ಎಂಆರ್‌ಪಿ. ಅದರ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನೂ ದಿನಾಂಕವನ್ನೂ ನೋಡಿ. ಬೆಲ್ಲ ಹಳದಿಯಾಗಿ ಹೊಳೆಯುತ್ತಿದ್ದರೆ ಕೈ ಹಿಂದೆ ತೆಗೆಯಿರಿ, ಆ ಬಣ್ಣ ಬರಲು ಹೈಡ್ರೋಸ್ ಎಂಬ ರಾಸಾಯನಿಕ ಹಾಕುವವರಿದ್ದಾರೆ. ಮದ್ದೂರು, ಮಂಡ್ಯದ ಕಡೆಯ ಆಲೆಮನೆಗಳಲ್ಲಿ ಔಷಧ ಹಾಕದ ಕಂದು ಬೆಲ್ಲ ಕೇಳಿದರೆ ಕೊಡುತ್ತಾರೆ. 'ಸಾವಯವ' ಎಂದು ಪೊಟ್ಟಣದ ಮೇಲೆ ಬರೆದಿದ್ದರೆ 'ಜೈವಿಕ್ ಭಾರತ್' ಚಿಹ್ನೆ ಇದೆಯೇ ಹುಡುಕಿ. 'ನ್ಯಾಚುರಲ್', 'ಫಾರ್ಮ್ ಫ್ರೆಶ್' ಎಂಬ ಮಾತುಗಳಿಗೆ ಅಂಥ ಪ್ರಮಾಣದ ಬಲ ಇಲ್ಲ. ಊರಿನ ಅಂಗಡಿಯವರು ದಿನಾಂಕ ಮೀರಿದ್ದನ್ನು ಕೊಟ್ಟರೆ ಸಂಕೋಚ ಬಿಟ್ಟು ವಾಪಸು ಕೊಡಿ. ಬಿಲ್ಲು ಕೇಳಿ ಪಡೆಯಿರಿ. ಮಾತಿನಲ್ಲಿ ಬಗೆಹರಿಯದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ.

ಹಾಗಾದರೆ ದೊಡ್ಡ ಅಂಗಡಿಗೆ ಬೆಲೆಯೇ ಇಲ್ಲವೇ? ಇದೆ. ನಿಮ್ಮ ಬಿಲ್ಲಿನಲ್ಲೇ ಓಟ್ಸ್, ಚೀಸ್, ಬಾದಾಮಿ ಸೇರಿ 390 ರೂಪಾಯಿಯ ಸಾಮಾನು ಅಲ್ಲಿಂದಲೇ ಬರಲಿ. ಚಿಕ್ಕ ಊರಿನಲ್ಲಿ ಇವುಗಳನ್ನು ಕೊಳ್ಳುವವರು ಕಡಿಮೆ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತು ಬಾದಾಮಿ ಮುಗ್ಗುತ್ತದೆ, ಕರೆಂಟು ಹೋಗಿ ಬಂದು ಚೀಸು ಕೆಡುತ್ತದೆ. ಬೇಗ ಖರ್ಚಾಗುವ, ತಂಪು ತಪ್ಪದ ಜಾಗದಲ್ಲಿ ಕೊಂಡದ್ದಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ನಷ್ಟವಿಲ್ಲ. ಮಗುವಿಗೆ ಗೋಧಿ ಆಗುವುದಿಲ್ಲ, ವೈದ್ಯರು ಇಂಥದ್ದೇ ಕೊಡಿ ಎಂದಿದ್ದಾರೆ ಎಂದಾಗಲೂ ಆ ಅಂಗಡಿಗಳೇ ಗತಿ. ಪೊಟ್ಟಣವನ್ನು ಕೈಗೆತ್ತಿಕೊಂಡು, ತಿರುಗಿಸಿ ಓದಿ, ಬೇಡವೆಂದರೆ ವಾಪಸು ಇಡುವ ಸ್ವಾತಂತ್ರ್ಯವನ್ನೂ ನಾನು ಕಡಿಮೆಯೆಂದು ಎಣಿಸುವುದಿಲ್ಲ. ಆದರೆ ಶುಚಿಯಾದ ಸಾಮಾನಿಗೆ ದುಬಾರಿ ಅಂಗಡಿಯೇ ಆಗಬೇಕೆಂದಿಲ್ಲ. 1959ರಲ್ಲಿ ತೋಟಗಾರಿಕಾ ತಜ್ಞ ಎಂ.ಎಚ್. ಮರೀಗೌಡರ ಮುಂದಾಳತ್ವದಲ್ಲಿ ಬೆಳೆಗಾರರದೇ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್ ಇದ್ದೇ ಇದೆ. ಮನೆಯವರಿಗೆ ದಾರಿಯಲ್ಲಿ ಅದರ ಮಳಿಗೆ ಸಿಕ್ಕರೆ ಸೇಬು, ದ್ರಾಕ್ಷಿ ಅಲ್ಲಿಂದ ತರಲಿ.

ಉಳಿದ 529 ರೂಪಾಯಿ ಬಿಸ್ಕತ್ತು, ಹಣ್ಣಿನ ಪಾನೀಯ, ಸಿರಿಧಾನ್ಯದ ನೂಡಲ್ಸಿನದು. ಪೊಟ್ಟಣದ ಹಿಂದೆ ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲೇ ಬರೆಯಬೇಕು. ಮುಂದೆ 'ಸಿರಿಧಾನ್ಯ' ಎಂದಿದ್ದು ಹಿಂದೆ ಮೊದಲ ಹೆಸರು ಮೈದಾ ಆಗಿದ್ದರೆ ಅದು ಮೈದಾ ನೂಡಲ್ಸೇ. 'ಹಣ್ಣಿನ ಪಾನೀಯ' ಎನ್ನಿಸಿಕೊಳ್ಳಲು ಶೇ 10ರಷ್ಟು ಹಣ್ಣಿನ ರಸ ಇದ್ದರೂ ಸಾಕು.

ಈಗ ನಿಮ್ಮ ಮನೆಯವರ ವಿಷಯ. ಅವರ ಮೇಲೆ ಸಿಟ್ಟು ಬೇಡ ತಂಗಿ. ಆರು ದಿನ ಮಕ್ಕಳ ಮುಖ ನೋಡದ ತಂದೆ ಏಳನೆಯ ದಿನ ಬರಿಗೈಯಲ್ಲಿ ಹೇಗೆ ಬಾಗಿಲು ತಟ್ಟಿಯಾನು? ವಾರವಿಡೀ ಯಂತ್ರದ ಮುಂದೆ ನಿಂತವರಿಗೆ ಆ ತಂಪಾದ ಅಂಗಡಿಯಲ್ಲಿ, ಯಾರೂ ಅವಸರಿಸದೆ, ಮಗಳಿಗೆ ಇದು ಮಗನಿಗೆ ಇದು ಎಂದು ಆರಿಸುವ ಅರ್ಧ ಗಂಟೆ ಬಹಳ ದೊಡ್ಡದು. ಆ ಅಂಗಡಿಗಳನ್ನು ಕಟ್ಟಿರುವುದೂ ಅದನ್ನು ಬಲ್ಲವರೇ. 1937ರಲ್ಲಿ ಅಮೆರಿಕದ ಓಕ್ಲಹೋಮಾದ ವ್ಯಾಪಾರಿ ಸಿಲ್ವನ್ ಗೋಲ್ಡ್‌ಮನ್, ಕೈಬುಟ್ಟಿ ಭಾರವಾದ ಕೂಡಲೇ ಗಿರಾಕಿಗಳು ಕೊಳ್ಳುವುದನ್ನು ನಿಲ್ಲಿಸುತ್ತಾರೆ ಎಂದು ಕಂಡು ಬುಟ್ಟಿಗೆ ಗಾಲಿ ಹಾಕಿಸಿದ. ಮನೆಯವರಿಗೆ ಇಷ್ಟೇ ಹೇಳಿ: ತಳ್ಳುಗಾಡಿ ಮುಟ್ಟಬೇಡಿ, ಕೈಬುಟ್ಟಿ ಹಿಡಿಯಿರಿ, ಕೈ ನೋಯುವಷ್ಟಾದಾಗ ಬಿಲ್ಲಿನ ಕಡೆ ನಡೆಯಿರಿ. ಪೊಟ್ಟಣದ ಮೇಲೆ ಎಂಆರ್‌ಪಿಯ ಪಕ್ಕ ಗ್ರಾಂ ಲೆಕ್ಕದ ದರವೂ ಅಚ್ಚಾಗಿರುತ್ತದೆ, ಅದನ್ನು ಹೋಲಿಸಲಿ.

ಆದರೆ ಲೆಕ್ಕದ ಮಾತನ್ನು ಶನಿವಾರ ರಾತ್ರಿ ಎತ್ತಬೇಡಿ. ಚೀಲ ಬಿಚ್ಚುವಾಗ ಮಕ್ಕಳ ಮುಂದೆ ಬೆಲೆ ಕೇಳಿದರೆ ಅವರಿಗೆ ಅವಮಾನ. ಭಾನುವಾರ ಬೆಳಿಗ್ಗೆ ತಿಂಡಿ ಆದಮೇಲೆ ಈ ಬಿಲ್ಲನ್ನೂ ಮಗಳ ಪಾಸ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟು, ಆ ಎಂಟು ಸಾಲಿಗೆ ಪೆನ್ಸಿಲ್ ಗುರುತು ಹಾಕಿ ತೋರಿಸಿ. ವಾರಕ್ಕೆ 845 ಎಂದರೆ ನಾಲ್ಕು ವಾರಕ್ಕೆ 3,380. ಅದರಲ್ಲಿ ಬೆಲ್ಲ, ಹುಣಸೆ, ಸೊಪ್ಪನ್ನು ಊರಲ್ಲೇ ಕೊಂಡು, ಮನೆಗಿಟ್ಟುಕೊಂಡ ಹಾಲಿಗೆ ಡೈರಿಯಿಂದ ಬರಬೇಕಾದ ಹಣ ಕಳೆದರೂ ಸುಕನ್ಯಾ ಕಂತಿನ ಸಾವಿರ ಸಲೀಸಾಗಿ ಮಿಗುತ್ತದೆ. ಮಕ್ಕಳ ವಿಷಯದಲ್ಲಿ ಲೆಕ್ಕ ನೋಡಬೇಡ ಎಂದವರಿಗೆ ಆ ಪಾಸ್‌ಬುಕ್ಕೂ ಮಕ್ಕಳ ವಿಷಯವೇ ಎಂದು ನೀವು ಹೇಳಬೇಕಾಗಿ ಬರುವುದಿಲ್ಲ, ಅವರೇ ನೋಡುತ್ತಾರೆ.

ಕೊನೆಯದಾಗಿ ಒಂದು. ವಾರವೆಲ್ಲ ಆ ರೂಮಿನಲ್ಲಿ ಅವರು ಏನು ತಿನ್ನುತ್ತಾರೆ ಎಂದು ನೀವು ಬರೆದಿಲ್ಲ. ಮನೆಗೆ ಎರಡು ಚೀಲ ತರುವ ಮನುಷ್ಯ ಹೋಗುವಾಗ ಖಾಲಿ ಚೀಲ ಮಡಚಿಕೊಂಡು ಹೋಗುತ್ತಾರೆಯೇ? ಈ ಭಾನುವಾರ ಸಂಜೆ ಅತ್ತೆಯವರನ್ನೇ ಕರೆದು ಹೇಳಿ: "ಅತ್ತೆ, ನಿಮ್ಮ ಮಗನಿಗೆ ವಾರಕ್ಕಾಗೋ ಅಷ್ಟು ಕಟ್ಟಿಕೊಡಿ." ಎರಡು ದಿನದ ಹಾಲನ್ನು ಡೈರಿಗೆ ಹಾಕದೆ ಉಳಿಸಿಕೊಂಡರೆ ಒಂದು ಬಾಟಲಿಗೆ ತಳ ಕಾಣದಷ್ಟು ತುಪ್ಪ ಆದೀತು. ಜೊತೆಗೆ ಹುರಿಹಿಟ್ಟು, ಚಟ್ನಿಪುಡಿ, ಒಂದು ಸೇರು ರಾಗಿ ಹಿಟ್ಟು, ಮರದಿಂದ ಇಳಿಸಿದ ಎರಡು ಕಾಯಿ. ಯಾವ ಚೀಲಕ್ಕೆ ತುಂಬಬೇಕು ಗೊತ್ತಲ್ಲ, ಶನಿವಾರ ಬಂದ ಅದೇ ಚೀಲಕ್ಕೆ. ಅತ್ತೆಯವರೇ ಬಸ್‌ಸ್ಟ್ಯಾಂಡಿನವರೆಗೆ ಹಿಡಿದುಕೊಂಡು ಹೋಗುತ್ತೇನೆ ಎಂದರೆ ತಡೆಯಬೇಡಿ.