ಉಗುರು ಗಟ್ಟಿಯಾಗಬೇಕೇ ಮಗಳೇ? ಮೊದಲು ಕೈ ಒಣಗಿಸಿಕೋ

ಉಗುರಿನ ತುದಿ ಪದರ ಪದರವಾಗಿ ಬಿಡುತ್ತಿದೆ, ಒಂದಿಷ್ಟು ಬೆಳೆಯಿತು ಅನ್ನುವಷ್ಟರಲ್ಲಿ ಮುರಿಯುತ್ತಿದೆ ಅಂತ ಕೊರಗುತ್ತೀಯಲ್ಲ, ದುಬಾರಿ ಸೀಸೆ ಕೊಳ್ಳುವ ಮೊದಲು ಈ ದೊಡ್ಡಮ್ಮನ ಮಾತು ಕೇಳು. ನಮ್ಮ ಕಣ್ಣಿಗೆ ಕಾಣುವ ಉಗುರಿಗೆ ಜೀವವಿಲ್ಲ. ಕೂದಲಿನಲ್ಲಿರುವ ಕೆರಾಟಿನ್ ಎಂಬ ಪ್ರೋಟೀನೇ ಅಲ್ಲೂ ಒತ್ತೊತ್ತಾಗಿ ಕೂತಿರುತ್ತದೆ. ಉಗುರು ಹುಟ್ಟುವುದು ಬುಡದಲ್ಲಿ, ಚರ್ಮದ ಒಳಗೆ. ಹಾಗಾಗಿ ಒಮ್ಮೆ ಸೀಳಿದ ತುದಿಯನ್ನು ಯಾವ ಎಣ್ಣೆಯೂ ಮತ್ತೆ ಕೂಡಿಸಲಾರದು. ಬೆಳೆದದ್ದನ್ನು ಕಾಪಾಡಬೇಕು, ಬರುವುದಕ್ಕೆ ಒಳ್ಳೆಯ ಊಟ ಕೊಡಬೇಕು. ಮಾಡಬೇಕಾದದ್ದು ಇಷ್ಟೇ.

• ನೀರಿನ ಕೆಲಸ ಒಟ್ಟಿಗೆ ಮುಗಿಸು. ಉಗುರು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ದಿನವಿಡೀ ಇದೇ ನಡೆದರೆ ಪದರಗಳ ಹಿಡಿತ ಸಡಿಲವಾಗುತ್ತದೆ. ಈಗೊಂದು ಲೋಟ, ಆಮೇಲೊಂದು ತಟ್ಟೆ ಅಂತ ತೊಳೆಯುತ್ತಾ ಇರಬೇಡ. ಪಾತ್ರೆ ಸೇರಿಸಿಟ್ಟು ಒಂದೇ ಸಲ ತಿಕ್ಕು. ಸೋಪಿನ ಪುಡಿ, ಬಚ್ಚಲು ತೊಳೆಯುವ ದ್ರಾವಣ ಮುಟ್ಟುವಾಗ ರಬ್ಬರ್ ಗ್ಲೌಸ್ ಹಾಕಿಕೋ. ಕೈ ಬೆವರಿದರೆ ಒಳಗೆ ತೆಳ್ಳನೆಯ ಹತ್ತಿ ಗ್ಲೌಸ್ ಇರಲಿ.

• ಒರೆಸಿಕೋ, ಆಮೇಲೆ ಎಣ್ಣೆ ಹಚ್ಚು. ರಾತ್ರಿ ಅಡುಗೆಮನೆ ಕೆಲಸವೆಲ್ಲ ಮುಗಿದ ಮೇಲೆ ಕೈ ತೊಳೆದು, ಉಗುರಿನ ಸಂದಿಯನ್ನೂ ಬಿಡದೆ ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಒರೆಸು. ಚರ್ಮ ಇನ್ನೂ ಮೃದುವಾಗಿರುವಾಗಲೇ ಒಂದು ಹನಿ ಕೊಬ್ಬರಿ ಎಣ್ಣೆಯನ್ನು ಉಗುರಿನ ಬುಡಕ್ಕೆ ಬಿಟ್ಟು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಸುತ್ತಲೂ ನಿಧಾನವಾಗಿ ತಿಕ್ಕು. ತುದಿಯ ಕೆಳಭಾಗಕ್ಕೂ ಸವರು. ಪದರ ಬಿಡುವುದು ಅಲ್ಲೇ. ಎಳ್ಳೆಣ್ಣೆ, ವ್ಯಾಸಲೀನ್ ಯಾವುದಾದರೂ ಆದೀತು. ಎಣ್ಣೆ ಉಗುರಿಗೆ ಆಹಾರವಾಗುತ್ತದೆ ಅಂತಲ್ಲ, ಒಳಗಿನ ತೇವ ಆರಿಹೋಗದಂತೆ ತಡೆಯುತ್ತದೆ. ಹಗಲಲ್ಲಿ ಸ್ಯಾನಿಟೈಸರ್ ಬಳಸುವವಳಾದರೆ ಬ್ಯಾಗಿನಲ್ಲಿ ಒಂದು ಪುಟ್ಟ ಕ್ರೀಮ್ ಇಟ್ಟುಕೋ.

• ಗಿಡ್ಡವಾಗಿ ಇಡು. ಬಲವಿಲ್ಲದ ಉಗುರು ಉದ್ದವಾದಷ್ಟೂ ಬೇಗ ಮುರಿಯುತ್ತದೆ. ಸ್ನಾನವಾದ ಮೇಲೆ ಉಗುರು ಮೆತ್ತಗಿರುವಾಗ ಕತ್ತರಿಸು. ಫೈಲ್ ಉಜ್ಜುವುದು ಮಾತ್ರ ಪೂರ್ತಿ ಒಣಗಿದ ಮೇಲೆ. ಹಿಂದಕ್ಕೂ ಮುಂದಕ್ಕೂ ಗರಗಸ ಆಡಿಸಿದ ಹಾಗೆ ಎಳೆಯದೆ, ಅಂಚಿನಿಂದ ನಡುವಿಗೆ ಒಂದೇ ದಿಕ್ಕಿನಲ್ಲಿ ಉಜ್ಜು. ಎದ್ದ ಪದರವನ್ನು ಕಿತ್ತರೆ ಒಳಗಿನ ಪದರವೂ ಜೊತೆಗೆ ಬರುತ್ತದೆ. ಕತ್ತರಿಸಿಬಿಡು, ಕೀಳಬೇಡ.

• ಬುಡದ ತೆಳು ಪೊರೆ ಮುಟ್ಟಬೇಡ. ಉಗುರು ಮತ್ತು ಚರ್ಮದ ನಡುವಿನ ಸಂದಿಗೆ ಕೊಳೆ, ರೋಗಾಣು ಇಳಿಯದಂತೆ ಕಾಯುವುದು ಅದು. ಅಂದ ಕಾಣಲಿ ಅಂತ ಅದನ್ನು ಕತ್ತರಿಸಿದರೆ, ಹಲ್ಲಿನಲ್ಲಿ ಕಚ್ಚಿ ಎಳೆದರೆ ಉಗುರುಸುತ್ತು ಬರುವುದಕ್ಕೆ ದಾರಿ ಮಾಡಿಕೊಟ್ಟಂತೆ.

• ಉಗುರನ್ನು ಕೆಲಸಕ್ಕೆ ಹಚ್ಚಬೇಡ. ಡಬ್ಬಿ ಮುಚ್ಚಳ ಎಬ್ಬಿಸಲು ಚಮಚ ಇದೆ, ಸ್ಟಿಕರ್ ಕೀಳಲು ಚಾಕು ಇದೆ. ಬೆಳ್ಳುಳ್ಳಿ ಬಿಡಿಸುವ ಮುಂಚೆ ಚೂರು ಜಜ್ಜಿಕೊಂಡರೆ ಸಿಪ್ಪೆ ತಾನೇ ಬಿಡುತ್ತದೆ.

• ನಿಂಬೆಹಣ್ಣು, ಸೋಡಾ ಪುಡಿ ತಿಕ್ಕಬೇಡ. ಯಾರೋ ಹೇಳಿದರು ಅಂತ ದಿನಾ ನಿಂಬೆ ಉಜ್ಜಿದರೆ ಉಗುರು ಇನ್ನಷ್ಟು ಒಣಗುತ್ತದೆ, ಸುತ್ತಲಿನ ಚರ್ಮ ಉರಿಯುತ್ತದೆ. ನಿಂಬೆಹಣ್ಣು ಊಟಕ್ಕೆ ಹಿಂಡಿಕೋ, ಅಲ್ಲಿ ಅದರಿಂದ ಲಾಭವಿದೆ.

• ಬಣ್ಣಕ್ಕೆ ಬಿಡುವು ಕೊಡು. ಹಬ್ಬಕ್ಕೋ ಮದುವೆಗೋ ನೇಲ್ ಪಾಲಿಶ್ ಹಚ್ಚಿಕೊಂಡರೆ ತಪ್ಪೇನಿಲ್ಲ. ವಾರಕ್ಕೆರಡು ಸಲ ರಿಮೂವರ್ ಹಾಕಿ ಉಜ್ಜಿದರೆ ಉಗುರು ಒಣಗುತ್ತದೆ. ಅಸಿಟೋನ್ ಇಲ್ಲದ್ದನ್ನು ಕೊಳ್ಳು. ಜೆಲ್ ಪಾಲಿಶನ್ನು ಕೆರೆದು ತೆಗೆದರೆ ಉಗುರಿನ ಮೇಲ್ಪದರವೂ ಕಿತ್ತುಬರುತ್ತದೆ. ಉಗುರು ಗಟ್ಟಿ ಮಾಡುತ್ತೇವೆ ಅಂತ ಮಾರುವ ಕೆಲವು ಲೇಪಗಳಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಮೊದಲು ಗಟ್ಟಿ ಅನ್ನಿಸಿದರೂ ದಿನ ಕಳೆದಂತೆ ಉಗುರು ಬಾಗುವುದನ್ನೇ ಮರೆತು ಪಟ್ಟನೆ ಮುರಿಯುತ್ತದೆ.

• ಗೋರಂಟಿ ಹಚ್ಚಿಕೋ, ಕಪ್ಪು ಕೋನ್ ಬೇಡ. ಅರೆದ ಸೊಪ್ಪಿನ ಕೆಂಪು ಉಗುರಿಗೆ ಅಂದ. ಕ್ಷಣದಲ್ಲಿ ಕಪ್ಪಾಗುವ ಕೋನ್‌ಗಳಲ್ಲಿ ಕೂದಲಿನ ಬಣ್ಣದ ರಾಸಾಯನಿಕ ಬೆರೆಸಿರುವುದುಂಟು. ಅದು ಚರ್ಮ ಸುಟ್ಟಂತೆ ಬೊಬ್ಬೆ ಎಬ್ಬಿಸಬಲ್ಲದು.

• ತಟ್ಟೆಯ ಕಡೆ ನೋಡು. ಎಲ್ಲರಿಗೂ ಬಡಿಸಿ ಉಳಿದದ್ದನ್ನು ಉಣ್ಣುವ ಅಭ್ಯಾಸ ಬಿಡು. ಉಗುರಿಗೆ ಪ್ರೋಟೀನ್ ಬೇಕು, ಕಬ್ಬಿಣದ ಅಂಶ ಬೇಕು. ಹುರುಳಿ ಸಾರು, ಮೊಳಕೆ ಕಾಳು, ಸೊಪ್ಪಿನ ಪಲ್ಯ, ತಿನ್ನುವ ಮನೆಯಾದರೆ ಮೊಟ್ಟೆ, ಮೀನು ಇರಲಿ. ಕಾಳು ಸೊಪ್ಪಿನ ಜೊತೆ ನಿಂಬೆ ಹಿಂಡಿಕೊಂಡರೆ, ನೆಲ್ಲಿಕಾಯಿ ತಿಂದರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಹತ್ತುವುದು ಕಡಿಮೆ. ಒಂದು ಗಂಟೆ ತಡೆ.

• ಬಿಳಿ ಚುಕ್ಕೆಗೆ ಹೆದರಬೇಡ. ಕ್ಯಾಲ್ಸಿಯಂ ಕಡಿಮೆ ಅಂತ ಎಲ್ಲರೂ ಹೇಳುತ್ತಾರೆ. ಹೆಚ್ಚಿನ ಸಲ ಅದು ಬುಡಕ್ಕೆ ಬಿದ್ದ ಸಣ್ಣ ಪೆಟ್ಟಿನ ಗುರುತು, ಉಗುರಿನ ಜೊತೆ ಬೆಳೆದು ತುದಿ ಸೇರಿ ಹೋಗುತ್ತದೆ.

• ಮಾತ್ರೆ ನೀನೇ ನುಂಗಬೇಡ. ಬಯೋಟಿನ್ ಕೆಲವರಿಗೆ ಅನುಕೂಲವಾಗಿದ್ದರೂ ಎಲ್ಲರಿಗೂ ಬೇಕಿಲ್ಲ. ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಥೈರಾಯ್ಡ್ ಮೊದಲಾದ ರಕ್ತಪರೀಕ್ಷೆಗಳ ಫಲಿತಾಂಶ ತಪ್ಪು ಬರಬಹುದು. ತಿನ್ನುತ್ತಿದ್ದರೆ ಪರೀಕ್ಷೆಗೆ ಮೊದಲೇ ಡಾಕ್ಟರಿಗೆ ತಿಳಿಸು.

• ಇವು ಕಂಡರೆ ಮನೆಮದ್ದು ಬಿಟ್ಟು ಡಾಕ್ಟರ ಹತ್ತಿರ ಹೋಗು. ಉಗುರು ಚಮಚದಂತೆ ನಡುವೆ ಹಳ್ಳ ಬಿದ್ದರೆ ರಕ್ತಹೀನತೆ ಇರಬಹುದು. ದಪ್ಪಗಾಗಿ ಹಳದಿ ತಿರುಗಿ ಪುಡಿ ಉದುರಿದರೆ ಶಿಲೀಂಧ್ರದ ಸೋಂಕಿರಬಹುದು. ಉಗುರು ಸೀಳುವುದರ ಜೊತೆ ಕೂದಲು ಉದುರಿ, ಸುಸ್ತಾಗಿ, ಮುಟ್ಟು ಏರುಪೇರಾದರೆ ಥೈರಾಯ್ಡ್ ನೋಡಿಸು. ಉಗುರುಸುತ್ತಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಕೂರಬೇಡ, ಕೀವಾದರೆ ಚಿಕಿತ್ಸೆ ಬೇಕು. ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿ ಅಗಲವಾಗುತ್ತಿದ್ದರೆ ಒಂದು ವಾರವೂ ತಡ ಮಾಡಬೇಡ.

• ಆರು ತಿಂಗಳು ಬಿಡದೆ ಮಾಡು. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಲ್ಲಿ ಇಂದು ಹುಟ್ಟಿದ್ದು ತುದಿಗೆ ಬರಲು ಸುಮಾರು 6 ತಿಂಗಳು ಬೇಕು. ಹದಿನೈದು ದಿನಕ್ಕೆ ಬೇಸತ್ತು ಬಿಡಬೇಡ. ತುದಿಯನ್ನಲ್ಲ, ಬುಡದಿಂದ ಬರುತ್ತಿರುವ ಹೊಸ ಭಾಗವನ್ನು ನೋಡುತ್ತಿರು. ಅದು ನಯವಾಗಿ ಬರುತ್ತಿದ್ದರೆ ನಿನ್ನ ಆರೈಕೆ ಸರಿಯಾದ ದಾರಿಯಲ್ಲಿದೆ. ಇಷ್ಟೆಲ್ಲ ಮಾಡಿಯೂ ಬದಲಾಗದಿದ್ದರೆ ಒಂದು ಸಲ ರಕ್ತಪರೀಕ್ಷೆ ಮಾಡಿಸು ಮಗಳೇ. ಮನೆಯವರೆಲ್ಲರ ಆರೋಗ್ಯ ನೋಡುವವಳು ನಿನ್ನದನ್ನೂ ನೋಡಿಕೊಳ್ಳಬೇಕು.