ಮೂಲಗ್ರಾಮದ ಶೋಧ: ಜರ್ಮನ್ ವಲಸೆಗಾರರ ದಾಖಲೆಗಳು ಮತ್ತು ಊರಹೆಸರಿನ ಪಾಠನಿರ್ಣಯ

ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಕ್ಕೆ ಹೋಗಿ ನೆಲೆಸಿದ ಜರ್ಮನ್ ಪೂರ್ವಿಕನೊಬ್ಬನ ಊರನ್ನು ಪತ್ತೆಹಚ್ಚುವುದು ಮೇಲುನೋಟಕ್ಕೆ ಆಯಾ ಕುಟುಂಬದವರ ಖಾಸಗಿ ಕುತೂಹಲದ ವಿಷಯವೆಂದು ತೋರಬಹುದು. ಆದರೆ ಈ ಶೋಧದ ತಿರುಳಿನಲ್ಲಿರುವುದು ಒಂದು ಸ್ಥಳನಾಮದ ಪಾಠನಿರ್ಣಯ. ಲಿಪಿಕಾರನ ಕಿವಿತಪ್ಪು, ಅಕ್ಷರಸಾಮ್ಯದಿಂದಾದ ಭ್ರಮೆ, ಒಂದೇ ಹೆಸರಿನ ಹಲವು ಊರುಗಳು ಮೊದಲಾಗಿ ಗ್ರಂಥಸಂಪಾದಕರಿಗೆ ಪರಿಚಿತವಾದ ತೊಡಕುಗಳೇ ಇಲ್ಲಿಯೂ ಎದುರಾಗುತ್ತವೆ. ಈ ದೃಷ್ಟಿಯಿಂದ ಕನ್ನಡ ಅಧ್ಯಯನದಲ್ಲಿ ತೊಡಗಿದವರಿಗೂ ಇದು ಪರಿಶೀಲನಾರ್ಹವಾದ ವಿಷಯ.

ಊರಿನ ಹೆಸರೇ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಜರ್ಮನಿಯ ಚರಿತ್ರೆಯಲ್ಲಿದೆ. 1871ಕ್ಕೆ ಮೊದಲು ಜರ್ಮನಿ ಎಂಬ ಏಕೀಕೃತ ರಾಷ್ಟ್ರವಿರಲಿಲ್ಲ. 1815ರಲ್ಲಿ ರೂಪುಗೊಂಡ ಒಕ್ಕೂಟದಲ್ಲಿ ಸುಮಾರು 39 ರಾಜ್ಯಗಳೂ ಸ್ವತಂತ್ರ ನಗರಗಳೂ ಇದ್ದವು. ಇಡೀ ಸಾಮ್ರಾಜ್ಯದಲ್ಲಿ ಜನನ, ವಿವಾಹ, ಮರಣಗಳ ಸರ್ಕಾರಿ ನೋಂದಣಿ ಕಡ್ಡಾಯವಾದದ್ದು 1876ರಲ್ಲಿ. ಅದಕ್ಕೂ ಹಿಂದಿನ ಸಂಗತಿಗಳಿಗೆ ಮುಖ್ಯ ಆಧಾರವೆಂದರೆ ಆಯಾ ಗ್ರಾಮದ ಚರ್ಚಿನಲ್ಲಿ ಪಾದ್ರಿಯು ಬರೆದಿಡುತ್ತಿದ್ದ ದಾಖಲೆಪುಸ್ತಕ. ಆದ್ದರಿಂದ ‘ಬವೇರಿಯಾದವನು’ ಎಂದಷ್ಟೇ ತಿಳಿದರೆ ಶೋಧಕನು ಎಲ್ಲಿಯೂ ಹೋಗಲಾರನು. ಯಾವ ಗ್ರಾಮದ ಪುಸ್ತಕವನ್ನು ತೆರೆಯಬೇಕೆಂಬುದೇ ಅವನಿಗೆ ತಿಳಿಯುವುದಿಲ್ಲ.

ಅಮೆರಿಕದ ದಾಖಲೆಗಳಲ್ಲಿ ಹೆಚ್ಚಾಗಿ ದೊರೆಯುವುದು ಇಂಥ ದೇಶನಾಮವೇ. ಜನಗಣತಿಯ ಹಾಳೆಗಳಲ್ಲಿ ಹುಟ್ಟಿದ ಸ್ಥಳವನ್ನು ಪ್ರಷ್ಯಾ, ಬಾಡೆನ್, ಹೆಸ್ಸೆ ಎಂದು ಬರೆದು ಮುಗಿಸಿರುತ್ತಾರೆ. 1906ಕ್ಕೆ ಹಿಂದಿನ ಪೌರತ್ವಪತ್ರಗಳಲ್ಲಿ ಅರ್ಜಿದಾರನು ಯಾವ ದೊರೆಯ ನಿಷ್ಠೆಯನ್ನು ತ್ಯಜಿಸಿದನೆಂಬುದು ಇರುತ್ತದೆ. ಹುಟ್ಟೂರು ಸಾಮಾನ್ಯವಾಗಿ ಇರುವುದಿಲ್ಲ. ಆ ವರ್ಷದ ಕಾನೂನು ಜಾರಿಗೆ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು. ಹೀಗಾಗಿ ಅನುಭವಿಗಳಾದ ಶೋಧಕರು ಸರ್ಕಾರಿ ಕಾಗದಗಳಿಗಿಂತ, ವಲಸೆ ಬಂದವರು ಅಲ್ಲಿಯೇ ಕಟ್ಟಿಕೊಂಡ ಜರ್ಮನ್ ಚರ್ಚುಗಳ ವಿವಾಹ ಮತ್ತು ಶವಸಂಸ್ಕಾರದ ದಾಖಲೆಗಳನ್ನೇ ಹೆಚ್ಚಾಗಿ ನೆಚ್ಚುತ್ತಾರೆ. ಪರದೇಶದಲ್ಲಿ ಸತ್ತವನ ಊರನ್ನು ಸ್ವಭಾಷೆಯ ಪಾದ್ರಿಯೊಬ್ಬನು ತಿಳಿದು ಬರೆದ ಆ ಒಂದು ಸಾಲು, ಗಣತಿಯ ಹತ್ತು ಹಾಳೆಗಳಿಗಿಂತ ಬೆಲೆಯುಳ್ಳದ್ದು. ಮಗುವಿನ ದೀಕ್ಷಾಸ್ನಾನಕ್ಕೆ ಸಾಕ್ಷಿಗಳಾಗಿ ನಿಂತವರ ಹೆಸರುಗಳನ್ನೂ ಕಡೆಗಣಿಸುವಂತಿಲ್ಲ. ಒಂದು ಊರಿನವರು ಒಬ್ಬರ ಹಿಂದೆ ಒಬ್ಬರಾಗಿ ಹೊರಟು ಒಂದೆಡೆ ನೆಲೆಸುತ್ತಿದ್ದುದರಿಂದ, ಪೂರ್ವಿಕನ ಊರು ಅವನ ನೆರೆಯವನ ಕಾಗದದಲ್ಲಿ ಸಿಕ್ಕಿದ ಉದಾಹರಣೆಗಳು ಸಾಕಷ್ಟಿವೆ.

ಬಂದರುಗಳ ವಿಷಯದಲ್ಲಿ ಅದೃಷ್ಟದ ಪಾತ್ರ ದೊಡ್ಡದು. ಹ್ಯಾಂಬರ್ಗಿನಿಂದ ಹೊರಟವರ ಪಟ್ಟಿಗಳು 1850ರಿಂದ 1934ರವರೆಗೆ ಬಹುಮಟ್ಟಿಗೆ ಉಳಿದಿವೆ. ಪ್ರಯಾಣಿಕನು ಎಲ್ಲಿಂದ ಬಂದನೆಂಬುದೂ ಅವುಗಳಲ್ಲಿದೆ. ಬ್ರೆಮೆನ್ನಿನಲ್ಲಿಯೂ ಇಂಥ ಪಟ್ಟಿಗಳಿದ್ದವು. ಆದರೆ 1870ರ ದಶಕದಲ್ಲಿ ಸ್ಥಳಾಭಾವದ ಕಾರಣದಿಂದ ಹಳೆಯವನ್ನು ನಾಶಮಾಡುವ ಕ್ರಮ ಆರಂಭವಾಯಿತು. ಆ ಶತಮಾನದ ಪಟ್ಟಿಗಳು ಇಂದು ಇಲ್ಲವೆಂದೇ ಹೇಳಬೇಕು. ಕಪಾಟು ತುಂಬಿತೆಂಬ ಕಾರಣಕ್ಕೆ ಲಕ್ಷಾಂತರ ಜನರ ಊರುಗಳು ಅಳಿಸಿಹೋದವು.

ಊರಿನ ಹೆಸರು ದೊರೆತ ಮಾತ್ರಕ್ಕೆ ಕೆಲಸ ಮುಗಿಯದು. ದಕ್ಷಿಣ ಜರ್ಮನಿಯ ಅನೇಕ ಉಪಭಾಷೆಗಳಲ್ಲಿ ಬಕಾರ ಪಕಾರಗಳಿಗೂ ದಕಾರ ತಕಾರಗಳಿಗೂ ಉಚ್ಚಾರಣೆಯಲ್ಲಿ ಸ್ಪಷ್ಟ ಭೇದವಿಲ್ಲ. ಅದನ್ನು ಕೇಳಿದ ಇಂಗ್ಲಿಷ್ ಗುಮಾಸ್ತನು ತನ್ನ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ. ಜರ್ಮನ್ ಗುಮಾಸ್ತರು ಬಳಸುತ್ತಿದ್ದ ಹಳೆಯ ಕೂಡುಬರಹದಲ್ಲಾದರೋ ಕೆಲವು ಅಕ್ಷರಗಳು ಒಂದನ್ನೊಂದು ಹೋಲುತ್ತವೆ. ಅವುಗಳಲ್ಲಿ ಎನ್ ಮತ್ತು ಇ ಅಕ್ಷರಗಳನ್ನು ಬೇರ್ಪಡಿಸುವುದು ಪಳಗಿದ ಕಣ್ಣಿಗೂ ಕಷ್ಟ. ತಾಳೆಗರಿಯ ಪ್ರತಿಗಳಲ್ಲಿ ಎಕಾರ ಏಕಾರಗಳ ಭೇದ ತೋರದಿದ್ದಾಗ ಸಂಪಾದಕನು ಛಂದಸ್ಸನ್ನೂ ಅರ್ಥವನ್ನೂ ಆಶ್ರಯಿಸುವಂತೆ, ಇಲ್ಲಿ ಶೋಧಕನು ಸ್ಥಳಕೋಶವನ್ನು ಆಶ್ರಯಿಸುತ್ತಾನೆ. 1912-13ರಲ್ಲಿ ಪ್ರಕಟವಾದ ಮೈಯರ್ ಸ್ಥಳಕೋಶದಲ್ಲಿ 2 ಲಕ್ಷಕ್ಕೂ ಹೆಚ್ಚು ಊರು, ಕೇರಿ, ಒಂಟಿಮನೆಗಳ ಹೆಸರುಗಳಿವೆ. ಆದರೂ ‘ಹೊಸಪಟ್ಟಣ’ವೆಂಬ ಅರ್ಥದ ನೋಯಸ್ಟಾಟ್ ಎಂದು ಬರೆದಿದ್ದರೆ, ಆ ಹೆಸರಿನ ಹಲವಾರು ಊರುಗಳಲ್ಲಿ ಯಾವುದೆಂದು ನಿರ್ಧರಿಸಲು ಇನ್ನೊಂದು ಆಧಾರ ಬೇಕೇ ಬೇಕು.

ಜೀನ್ಸ್ ಉಡುಪಿನಿಂದ ಜಗತ್ಪ್ರಸಿದ್ಧನಾದ ಲೆವಿ ಸ್ಟ್ರಾಸ್‌ನನ್ನು ಇಲ್ಲಿ ನಿದರ್ಶನವಾಗಿ ನೋಡಬಹುದು. ಆತನು ಹುಟ್ಟಿದ್ದು 1829ರ ಫೆಬ್ರವರಿ 26ರಂದು, ಬವೇರಿಯಾ ರಾಜ್ಯದ ಬುಟ್ಟನ್‌ಹೈಮ್ ಎಂಬ ಊರಿನಲ್ಲಿ; ಇಟ್ಟ ಹೆಸರು ಲೋಬ್. 1813ರ ಬವೇರಿಯಾದ ಶಾಸನವು ಒಂದೊಂದು ಊರಿನಲ್ಲಿ ನೆಲೆಸಬಹುದಾದ ಯಹೂದಿ ಕುಟುಂಬಗಳ ಸಂಖ್ಯೆಗೆ ಮಿತಿ ಹಾಕಿತ್ತು. ಆ ಪಟ್ಟಿಯಲ್ಲಿ ಸ್ಥಾನ ಸಿಗದ ತರುಣರಿಗೆ ಮನೆ ಹೂಡುವ ದಾರಿಯೇ ಇರಲಿಲ್ಲ. ತಂದೆ 1846ರಲ್ಲಿ ತೀರಿಕೊಂಡ ಮರುವರ್ಷ ತಾಯಿ ರೆಬೆಕ್ಕಾ, ಮಗನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು, ಮೊದಲೇ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಬಂಧುಗಳ ಬಳಿಗೆ ಹೊರಟಳು. ಮುಂದೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಆತನ ಸಂಸ್ಥೆಯ ಕಾಗದಪತ್ರಗಳೆಲ್ಲ 1906ರ ಭೂಕಂಪ ಮತ್ತು ಬೆಂಕಿಯಲ್ಲಿ ನಾಶವಾದವು. ಅಮೆರಿಕದ ಕಡೆಯ ಸಾಕ್ಷ್ಯ ಹೀಗೆ ಕುಂದಿದರೂ ಹುಟ್ಟೂರಿನ ಕಡೆಯ ದಾಖಲೆಗಳಿಂದ ಆರಂಭದ ಬದುಕು ತಿಳಿದುಬಂದಿತು. ಆತನು ಹುಟ್ಟಿದ ಮನೆ 2000ದಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಜನರನ್ನು ಹತೋಟಿಯಲ್ಲಿಡಲು ಸಿದ್ಧಪಡಿಸಿದ ಪಟ್ಟಿಗಳೇ ಇಂದು ಅವರ ವಂಶಜರಿಗೆ ಆಧಾರವಾಗಿ ಒದಗುತ್ತಿರುವುದು ಚರಿತ್ರೆಯ ಕಹಿಯಾದ ಉಪಕಾರ.

ಇಷ್ಟಕ್ಕೂ ‘ಸ್ವಂತ ಊರು’ ಎಂದರೆ ಯಾವುದು? ಕನ್ನಡಿಗರ ಹೆಸರಿನ ಆದ್ಯಕ್ಷರವನ್ನು ನೆನೆದರೆ ಪ್ರಶ್ನೆಯ ಸೂಕ್ಷ್ಮ ತಿಳಿಯುತ್ತದೆ. ಡಿ.ವಿ.ಜಿ. ಎಂಬಲ್ಲಿನ ಮೊದಲ ಅಕ್ಷರ ದೇವನಹಳ್ಳಿ. ಆದರೆ ಅವರು ಹುಟ್ಟಿದ್ದು ಮುಳಬಾಗಿಲಿನಲ್ಲಿ. ಕುವೆಂಪು ಕುಪ್ಪಳಿಯವರು, ಹುಟ್ಟಿದ್ದು ತಾಯಿಯ ತವರಾದ ಹಿರೇಕೊಡಿಗೆಯಲ್ಲಿ. ಜರ್ಮನ್ ರಾಜ್ಯಗಳಲ್ಲಿಯೂ ಹುಟ್ಟಿದ ಊರು ಬೇರೆ, ವಾಸದ ಹಕ್ಕುಳ್ಳ ಊರು ಬೇರೆ ಆಗಿರಬಹುದಿತ್ತು. ವೆಸ್ಟ್‌ಫಾಲಿಯಾದಲ್ಲಿ ಮದುವೆಯಾಗಿ ಹೆಂಡತಿಯ ಹೊಲಮನೆ ಸೇರಿದ ಗಂಡು ಆ ಮನೆಯ ಹೆಸರನ್ನೇ ತಳೆಯುತ್ತಿದ್ದನು. ಉತ್ತರದ ಪೂರ್ವ ಫ್ರೀಸ್‌ಲ್ಯಾಂಡಿನಲ್ಲಿ, ತಂದೆಯ ಹೆಸರೇ ಮಕ್ಕಳ ಉಪನಾಮವಾಗುವ ರೂಢಿಯಿಂದ ತಲೆಮಾರಿಗೊಮ್ಮೆ ಉಪನಾಮ ಬದಲಾಗುತ್ತಿತ್ತು. ಸ್ಥಿರವಾದ ಉಪನಾಮವಿರಬೇಕೆಂದು 1811ರಲ್ಲಿ ನೆಪೋಲಿಯನ್ನನ ಆಡಳಿತ ಆಜ್ಞಾಪಿಸಿದ ಮೇಲೂ ರೂಢಿ ಒಮ್ಮೆಗೇ ನಿಲ್ಲಲಿಲ್ಲ.

ಈ ಪೂರ್ವ ಫ್ರೀಸ್‌ಲ್ಯಾಂಡೇ ಕನ್ನಡ ನಿಘಂಟುಕಾರ ಫರ್ಡಿನೆಂಡ್ ಕಿಟ್ಟೆಲ್ಲರ ನಾಡು. ಅವರು ವಲಸೆಗಾರರಲ್ಲ, ಬಾಸೆಲ್ ಮಿಷನ್ನಿನ ಸೇವೆಯಲ್ಲಿ ಬಂದು, ಕೊನೆಗೆ 1903ರಲ್ಲಿ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡವರು. ಆದರೂ ಕನ್ನಡ ಪುಸ್ತಕಗಳಲ್ಲಿ ಅವರ ಊರಿನ ಬದಲಿಗೆ ‘ಜರ್ಮನಿ’ ಎಂಬ ಮಾತೇ ಹೆಚ್ಚಾಗಿ ಕಾಣುವುದನ್ನು ಗಮನಿಸಬೇಕು. 1832ರ ಏಪ್ರಿಲ್ 7ರಂದು ಅವರು ಹುಟ್ಟಿದಾಗ ರೆಸ್ಟರ್‌ಹಾಫೆ ಎಂಬ ಆ ಹಳ್ಳಿ ಹ್ಯಾನೋವರ್ ರಾಜ್ಯದಲ್ಲಿತ್ತು. 1866ರಲ್ಲಿ ಹ್ಯಾನೋವರನ್ನು ಪ್ರಷ್ಯಾ ಕಬಳಿಸಿತು. 1894ರಲ್ಲಿ ಮಂಗಳೂರಿನಿಂದ ನಿಘಂಟು ಹೊರಬಂದಾಗ ಅದೇ ಹಳ್ಳಿ ಜರ್ಮನ್ ಸಾಮ್ರಾಜ್ಯದ ಭಾಗವಾಗಿತ್ತು. ಇಂದು ಅದು ಡೋರ್ನುಮ್ ಬಳಿಯ ಊರಾಗಿ ನೀಡರ್‌ಸಾಕ್ಸನ್ ರಾಜ್ಯಕ್ಕೆ ಸೇರಿದೆ.